ಹೊಸ ಲೈನರ್, ಹಳೆ ಡ್ರಮ್

ಸವೆದ ಬ್ರೇಕು ಹಿಡಿಯದಿದ್ದರೆ ಯಾರೂ ಆಶ್ಚರ್ಯಪಡುವುದಿಲ್ಲ. ಹೊಸ ಪ್ಯಾಡು, ಹೊಸ ಲೈನರು, ಕೆಲವೊಮ್ಮೆ ಹೊಸ ಡಿಸ್ಕನ್ನೂ ಹಾಕಿಸಿ, ಸಾವಿರಗಟ್ಟಲೆ ಎಣಿಸಿಕೊಟ್ಟು ಮನೆಗೆ ಬಂದ ಮೇಲೆ ಗಾಡಿ ಮೊದಲಿನಷ್ಟೂ ಹಿಡಿಯದಿದ್ದರೆ ಮಾತ್ರ ಮನುಷ್ಯ ಕಂಗಾಲಾಗುತ್ತಾನೆ. ಹಳೆಯದು ಕೆಟ್ಟರೆ ಹೊಸದು ಹಾಕಬಹುದು. ಹೊಸದೇ ಕೆಟ್ಟಂತೆ ಕಂಡರೆ ಇನ್ನೇನು ಹಾಕುವುದು?

ಬಹಳ ಜನ ಇಲ್ಲಿ ಮಾಡುವುದು ಒಂದೇ ಕೆಲಸ. ಹಾಕಿದ ಪ್ಯಾಡನ್ನೇ ಬೈದು, ಇನ್ನೂ ದುಬಾರಿ ಪ್ಯಾಡು ತಂದು ಹಾಕಿಸುತ್ತಾರೆ. ಅದೂ ಹಿಡಿಯುವುದಿಲ್ಲ. ಪ್ಯಾಡಿನಲ್ಲಿ ದೋಷವಿರುವುದು ಅಪರೂಪ. ಹೊಸ ಭಾಗ ಹಳೆಯ ಭಾಗಗಳ ಜೊತೆ ಹೊಂದಿಕೊಳ್ಳುವಲ್ಲಿ ಏನೋ ತಪ್ಪಿರುತ್ತದೆ. ಈ ಮಾತನ್ನು ನಾನು ಓಣಿಯಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ, ಹೇಳಿ ಬೇಸರವಂತೂ ಬಂದಿಲ್ಲ. ಬ್ರೇಕಿನ ವಿಷಯದಲ್ಲಿ ಬೇಸರಪಡುವ ಹಕ್ಕು ಯಾರಿಗೂ ಇಲ್ಲ.

ನಾವಿರುವುದು ಛತ್ರಪತಿ ಸಂಭಾಜಿನಗರದ ವಾಳೂಜ್ ಕಡೆ. 1985ರಲ್ಲಿ ಬಜಾಜ್ ಕಾರ್ಖಾನೆ ಇಲ್ಲಿ ಶುರುವಾದ ಮೇಲೆ ಊರಿನ ಹಣೆಬರಹವೇ ಬದಲಾಯಿತು. ದ್ವಿಚಕ್ರ ವಾಹನಗಳಿಗೆ ಡಿಸ್ಕ್ ಬ್ರೇಕ್ ಮಾಡುವ ಎಂಡ್ಯೂರೆನ್ಸ್ ಕಂಪನಿಯ ಮನೆಯೂ ಇದೇ ವಾಳೂಜ್. ಆ ಕಡೆ ಶೇಂದ್ರಾದಲ್ಲಿ ಸ್ಕೋಡಾ, ನಾಶಿಕದ ಸಾತಪುರದಲ್ಲಿ ಮಹೀಂದ್ರಾ. ಗಾಡಿ ಕಟ್ಟುವ ಈ ಸೀಮೆಗೆ ನಮ್ಮ ವಿಜಾಪುರ, ಕಲಬುರಗಿ, ಬೀದರಿನ ಕಡೆಯಿಂದಲೂ ಜನ ಕೆಲಸ ಹುಡುಕಿಕೊಂಡು ಬಂದರು. ಕಾರ್ಖಾನೆಯೊಂದರ ವಾಹನ ಪರೀಕ್ಷೆಯ ವಿಭಾಗದಲ್ಲಿ ದುಡಿದು ನಿವೃತ್ತನಾದ ನಾನೂ ಹಾಗೆ ಬಂದವನೇ. ಪಕ್ಕದ ಮನೆಯ ಹುಡುಗ ಇಂಡಿ ತಾಲೂಕಿನವನು. ನಡುವೆ ಎದೆಯುದ್ದದ ಗೋಡೆ. ಅದರ ಮೇಲೆ ಮೊಣಕೈ ಊರಿ ಕನ್ನಡ ಮಾತಾಡುವುದು ನಮ್ಮಿಬ್ಬರಿಗೂ ಊಟದಷ್ಟೇ ಅಗತ್ಯ.

"ಕಾಕಾ, ಹಿಂದ ಲೈನರ್, ಮುಂದ ಪ್ಯಾಡ್, ಎಲ್ಲಾ ಹೊಸಾದ ಹಾಕಿಸೀನ್ರಿ. ಆದ್ರ ಗಾಡಿ ಹಿಡೀವಲ್ದು. ರವಿವಾರ ಕನ್ನಡ ಘಾಟ್ ಇಳದು ಪಾಟಣಾದೇವಿಗೆ ಹೋಗೂದೈತಿ," ಅಂದ ಅವನು ಶುಕ್ರವಾರ ಸಂಜೆ.

ಓದುವವರಿಗೆ ಗೊಂದಲವಾಗದಿರಲಿ. ಕನ್ನಡ ಎಂಬುದು ಇಲ್ಲಿ ಒಂದು ತಾಲೂಕಿನ ಊರು. ವೇರೂಳಿನ ಕೈಲಾಸ ದೇವಾಲಯ ದಾಟಿ ಉತ್ತರಕ್ಕೆ ಹೋದರೆ ಸಿಗುತ್ತದೆ. ಊರು ಪ್ರಸ್ಥಭೂಮಿಯ ಮೇಲಿದೆ. ಅಲ್ಲಿಂದ ಮುಂದೆ ರಸ್ತೆ ಚಾಳೀಸಗಾಂವದ ಕಡೆಗೆ ಖಾನ್‌ದೇಶಕ್ಕೆ ಇಳಿಯುತ್ತದೆ. ಆ ಇಳಿಜಾರಿಗೆ ಜೇಮ್ಸ್ ಔಟ್ರಮ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನಿಂದ ಔಟ್ರಮ್ ಘಾಟ್ ಎಂದೂ ಹೆಸರು. ಸುತ್ತಲಿನ ಕಾಡು 1986ರಲ್ಲಿ ಗೌತಾಳಾ ಔಟ್ರಮ್‌ಘಾಟ್ ಅಭಯಾರಣ್ಯವಾಯಿತು. ನೋಡಲು ಚೆಂದ, ಇಳಿಯಲು ಕಷ್ಟ. 2021ರ ಆಗಸ್ಟ್ ಕೊನೆಯ ಮಳೆಯಲ್ಲಿ ಗುಡ್ಡ ಕುಸಿದು ಈ ದಾರಿ ಮುಚ್ಚಿತ್ತು. 2023ರಲ್ಲಿ ಹೈಕೋರ್ಟಿನ ಔರಂಗಾಬಾದ್ ಪೀಠ ಇಲ್ಲಿ ಭಾರಿ ವಾಹನಗಳ ಓಡಾಟವನ್ನೇ ತಡೆಯಿತು. ಅಂಥ ದಾರಿಗೆ ಹಿಡಿಯದ ಬ್ರೇಕಿನ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ಹೊರಟವನನ್ನು ಕಂಡು ಸುಮ್ಮನಿರಲಾದೀತೆ?

"ಹಿಡೀವಲ್ದು ಅಂದ್ರ ಹ್ಯಾಂಗ ಹಿಡೀವಲ್ದು ತಮ್ಮಾ? ಪೆಡಲ್ ಒತ್ತಿದ್ರ ಕಾಲಿಗೆ ಹ್ಯಾಂಗ ಅನಸ್ತೈತಿ?" ಅಂತ ಕೇಳಿದೆ.

ಎಲ್ಲವೂ ಈ ಪ್ರಶ್ನೆಯ ಮೇಲೆ ನಿಂತಿದೆ. ಪೆಡಲ್ ಮೆತ್ತಗಿದ್ದು, ಒತ್ತಿದಷ್ಟೂ ಕುಗ್ಗಿದರೆ ಒಳಗೆ ಗಾಳಿ ಸೇರಿದೆ. ಪೆಡಲ್ ಆಳಕ್ಕೆ ಹೋಗಿ, ಎರಡು ಮೂರು ಸಲ ಒತ್ತಿದ ಮೇಲೆ ಮೇಲೆ ಬಂದು ಗಟ್ಟಿಯಾದರೆ ಹಿಂದಿನ ಶೂಗಳಿಗೂ ಡ್ರಮ್ಮಿಗೂ ನಡುವೆ ಅಂತರ ಜಾಸ್ತಿಯಿದೆ. ಒತ್ತಿ ಹಿಡಿದಿದ್ದಾಗ ನಿಧಾನವಾಗಿ ಕೆಳಗೆ ಜಾರಿದರೆ, ಹೊರಗೆ ಎಲ್ಲೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲು ಹೋಗಿದೆ. ಪೆಡಲ್ ಕಲ್ಲಿನಷ್ಟು ಗಟ್ಟಿಯಿದ್ದೂ ಗಾಡಿ ನಿಲ್ಲದಿದ್ದರೆ ಬೂಸ್ಟರು, ಇಲ್ಲವೇ ಪ್ಯಾಡಿನ ಮೈ. ಗಾಡಿ ಒಂದೇ ಬದಿಗೆ ಎಳೆದರೆ ಆ ಎದುರು ಬದಿಯ ಚಕ್ರ ತನ್ನ ಪಾಲಿನ ಕೆಲಸ ಮಾಡುತ್ತಿಲ್ಲ. ಹೀಗೆ ಕಾಲು ಹೇಳುವುದನ್ನು ಕೇಳದೆ ಚಕ್ರ ಬಿಚ್ಚುವುದೆಂದರೆ ರೋಗಿಯ ಮಾತು ಕೇಳದೆ ಔಷಧ ಕೊಟ್ಟ ಹಾಗೆ.

ಹುಡುಗ ಯೋಚಿಸಿ ಹೇಳಿದ: "ಮೊದಲನೇ ಸಲ ಒತ್ತಿದ್ರ ಆಳಕ್ಕ ಹೋಗ್ತೈತ್ರಿ. ಎರಡನೇ ಸಲಕ್ಕ ಮ್ಯಾಲೆ ಬರ್ತೈತಿ. ಆದ್ರೂ ಸ್ವಲ್ಪ ಮೆತ್ತಗ."

ಅಂದರೆ ಒಂದಲ್ಲ, ಎರಡು ಮೂರು ಕಾರಣ ಸೇರಿರಬಹುದು. ಬ್ರೇಕಿನ ಕೆಲಸದಲ್ಲಿ ಹೀಗೇ ಆಗುತ್ತದೆ. ಒಂದನ್ನು ಸರಿಮಾಡಿ ಇನ್ನೊಂದನ್ನು ಬಿಟ್ಟರೆ ಅರ್ಧ ಗುಣ ಕಾಣುತ್ತದೆ. ಆ ಅರ್ಧ ಗುಣ ಮನುಷ್ಯನನ್ನು ಮೈಮರೆಸುತ್ತದೆ. ಆದ್ದರಿಂದ ಗೋಡೆಯ ಆಚೆ ಈಚೆ ನಿಂತೇ ಒಂದೊಂದಾಗಿ ಮಾತಾಡಿದೆವು.

ಮೊದಲು ಲೈನರಿನ ವಿಷಯ. ಹೊಸ ಲೈನರು ಮೊದಲ ದಿನ ಪೂರ್ತಿ ಹಿಡಿಯುವುದಿಲ್ಲ, ಹಿಡಿಯಬೇಕೆಂದು ಕೇಳುವುದೂ ತಪ್ಪು. ಹಳೆಯ ಡಿಸ್ಕಿನ ಮೈಮೇಲೆ ಸಣ್ಣ ಸಣ್ಣ ಗೆರೆ, ಏರು ತಗ್ಗು ಇರುತ್ತವೆ. ಹೊಸ ಪ್ಯಾಡಿನ ಮೈ ಸಪಾಟು. ಎರಡೂ ಸೇರಿದಾಗ ತಾಗುವುದು ಏರಿದ ಭಾಗಗಳಷ್ಟೇ. ಕಣ್ಣಿಗೆ ಇಡೀ ಪ್ಯಾಡು ಒತ್ತಿದಂತೆ ಕಂಡರೂ ಹಿಡಿಯುವುದು ಅದರ ಸ್ವಲ್ಪ ಭಾಗ ಮಾತ್ರ. ನಮ್ಮ ಕಡೆ ಬೀಸುಕಲ್ಲಿಗೆ ಹೊಸದಾಗಿ ಮುಳ್ಳು ಹೊಡೆಸಿದರೆ ಮೊದಲ ಹಿಟ್ಟನ್ನು ರೊಟ್ಟಿಗೆ ಬಳಸುತ್ತಿರಲಿಲ್ಲ. ಮೇಲಿನ ಕಲ್ಲು ಕೆಳಗಿನ ಕಲ್ಲಿಗೆ ಕೂಡಿಬರುವ ತನಕ ದನದ ನುಚ್ಚು ಬೀಸುತ್ತಿದ್ದರು. ಬ್ರೇಕಿಗೂ ಆ ಕಾಲ ಬೇಕು.

ಗ್ಯಾರೇಜಿನವರು ಇದಕ್ಕೆ "ಸೆಟ್ ಆಗೂದು" ಅನ್ನುತ್ತಾರೆ. ಸಪಾಟಾದ, ಹಿಂದೆ ಮುಂದೆ ಗಾಡಿಗಳಿಲ್ಲದ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ರವರೆಗೆ ಹದವಾಗಿ ಒತ್ತಿ ಇಳಿಸಬೇಕು. ಪೂರ್ತಿ ನಿಲ್ಲಿಸಬಾರದು. ಬಿಸಿಯಾದ ಪ್ಯಾಡು ಡಿಸ್ಕಿನ ಒಂದೇ ಜಾಗವನ್ನು ಕಚ್ಚಿ ನಿಂತರೆ ಅಲ್ಲಿ ಅದರ ಪದಾರ್ಥ ದಪ್ಪಗೆ ಮೆತ್ತಿಕೊಂಡು ಆಮೇಲೆ ಸ್ಟೇರಿಂಗು ನಡುಗುತ್ತದೆ. ಒಂದು ಸಲ ಇಳಿಸಿದ ಮೇಲೆ ಸ್ವಲ್ಪ ದೂರ ಬ್ರೇಕು ಮುಟ್ಟದೆ ಓಡಿಸಿ ತಣ್ಣಗಾಗಲು ಬಿಟ್ಟು ಮತ್ತೆ ಇಳಿಸಬೇಕು. ಹೀಗೆ ಹತ್ತು ಹದಿನೈದು ಸಲ. ಆಮೇಲೂ ಮೊದಲ 300 ಕಿ.ಮೀ. ತನಕ ಅನಿವಾರ್ಯವಾಗದ ಹೊರತು ಜೋರಾಗಿ ಒತ್ತದಿರುವುದು ಒಳ್ಳೆಯದು. ಈ ಹೊತ್ತಿನಲ್ಲಿ ಎರಡು ಕೆಲಸ ಆಗುತ್ತವೆ. ಪ್ಯಾಡಿನ ಪದಾರ್ಥದ ತೆಳುವಾದ ಪದರವೊಂದು ಡಿಸ್ಕಿನ ಮೈಗೆ ಸಮನಾಗಿ ಹತ್ತುತ್ತದೆ. ಪ್ಯಾಡಿನ ಪುಡಿಗಳನ್ನು ಹಿಡಿದಿಟ್ಟ ರಾಳ ಬಿಸಿಯಲ್ಲಿ ಪಕ್ವವಾಗುತ್ತದೆ. ಈ ರಾಳ ಪಕ್ವವಾಗದೆ ನೇರ ಘಾಟಿಗೆ ಇಳಿದರೆ, ಮೊದಲ ದೊಡ್ಡ ಬಿಸಿಗೆ ಅದರಿಂದ ಅನಿಲ ಹೊಮ್ಮಿ ಪ್ಯಾಡಿಗೂ ಡಿಸ್ಕಿಗೂ ನಡುವೆ ನಿಲ್ಲುತ್ತದೆ. ಪೆಡಲ್ ಗಟ್ಟಿಯಾಗೇ ಇರುತ್ತದೆ, ಗಾಡಿ ಮಾತ್ರ ಜಾರುತ್ತದೆ. ಹೊಸ ಬ್ರೇಕು ಹಾಕಿಸಿದ ಮರುದಿನವೇ ಘಾಟ್ ಇಳಿಯಬೇಡಿ ಅಂತ ನಾನು ಕೈಮುಗಿದು ಹೇಳುವುದು ಇದಕ್ಕೇ.

"ಡಿಸ್ಕೂ ಹೊಸಾದ ಇದ್ರ, ಕಾಕಾ?"

ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಎಣ್ಣೆಯ ಲೇಪ ಹಚ್ಚಿ ಕಳಿಸುತ್ತಾರೆ. ಬ್ರೇಕ್ ಕ್ಲೀನರಿನಿಂದ ಒರೆಸದೆ ಹಾಗೇ ಕೂಡಿಸಿದರೆ ಆ ಎಣ್ಣೆ ಹೊಸ ಪ್ಯಾಡಿನ ಒಳಕ್ಕೇ ಇಳಿಯುತ್ತದೆ. ಗ್ರೀಸ್ ಹತ್ತಿದ ಕೈಯಿಂದ ಲೈನರಿನ ಮೈ ಮುಟ್ಟುವುದು, ಹಿಂದಿನ ಚಕ್ರದ ಆಯಿಲ್ ಸೀಲು ಸೋರುತ್ತಿದ್ದರೂ ಅದನ್ನು ಬಿಟ್ಟು ಬರೀ ಲೈನರ್ ಬದಲಿಸುವುದು, ಇವೂ ಇದೇ ಜಾತಿಯವು. ಎಣ್ಣೆ ಕುಡಿದ ಲೈನರನ್ನು ಪಾಲಿಶ್ ಪೇಪರಿನಿಂದ ಉಜ್ಜಿದರೆ ಮೇಲಿನ ಮೈ ಒಣಗುತ್ತದೆ, ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಅದನ್ನು ಎಸೆಯುವುದೊಂದೇ ದಾರಿ, ಎರಡೂ ಬದಿಯದನ್ನು ಜೊತೆಗೆ.

ಹಿಂದಿನ ಡ್ರಮ್ಮಿನ ಕಥೆ ಇನ್ನೂ ಸೂಕ್ಷ್ಮ. ಡ್ರಮ್ಮು ಸವೆದಂತೆ ಅದರ ಒಳವ್ಯಾಸ ಹಿಗ್ಗುತ್ತದೆ. ಹೊಸ ಲೈನರಿನ ಬಾಗು ಹೊಸ ಡ್ರಮ್ಮಿನ ಅಳತೆಗೆ ಮಾಡಿದ್ದು. ಹಿಗ್ಗಿದ ಡ್ರಮ್ಮಿನಲ್ಲಿ ಅದರ ನಡುಭಾಗ ಮಾತ್ರ ತಾಗಿ, ಎರಡು ತುದಿಗಳು ಗಾಳಿಯಲ್ಲಿರುತ್ತವೆ. ಓಡಾಡಿ ಓಡಾಡಿ ನಡುಭಾಗ ಸವೆದ ಮೇಲೆ ಇಡೀ ಲೈನರು ಕೂಡುತ್ತದೆ. ಡ್ರಮ್ಮಿನ ಗರಿಷ್ಠ ವ್ಯಾಸವನ್ನು ಅದರ ಮೈಮೇಲೇ ಕೆತ್ತಿರುತ್ತಾರೆ. ಲೇತ್‌ಗೆ ಕೊಟ್ಟು ಒಳಮೈ ಸಾಪು ಮಾಡಿಸುವುದಿದ್ದರೂ ಆ ಅಂಕೆ ದಾಟಬಾರದು. ದಾಟಿದ ಡ್ರಮ್ಮಿಗೆ ಎಂಥ ಲೈನರು ಹಾಕಿದರೂ ಅದು ಗುಜರಿಯ ಮಾಲೇ.

ಇನ್ನು ಶೂಗಳ ಜಾಗ. ಕೆಲವು ಗಾಡಿಗಳಲ್ಲಿ ಒಂದೇ ಡ್ರಮ್ಮಿನ ಎರಡು ಶೂಗಳ ಲೈನರು ಒಂದೇ ಉದ್ದದ್ದಲ್ಲ. ಯಾವುದು ಮುಂದೆ, ಯಾವುದು ಹಿಂದೆ ಎಂಬುದು ತಪ್ಪಿದರೆ ಹಿಡಿತ ಇಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ ಆಗುವ ತಪ್ಪು ಅಡ್ಜಸ್ಟರಿನದು. ಲೈನರು ಸವೆದಂತೆ ಶೂಗಳನ್ನು ತಾನಾಗಿಯೇ ಡ್ರಮ್ಮಿನ ಹತ್ತಿರಕ್ಕೆ ಸರಿಸುವ ಹಲ್ಲಿನ ಚಕ್ರವದು. ಎಷ್ಟೋ ಗಾಡಿಗಳಲ್ಲಿ ಎಡಗಡೆಯದರ ಥ್ರೆಡ್ಡು ಒಂದು ಕಡೆಗೆ, ಬಲಗಡೆಯದು ಇನ್ನೊಂದು ಕಡೆಗೆ. ನೋಡಲು ಎರಡೂ ಒಂದೇ. ಎರಡೂ ಡ್ರಮ್ಮು ಒಟ್ಟಿಗೆ ಬಿಚ್ಚಿ ಸಾಮಾನು ಒಂದೇ ತಟ್ಟೆಯಲ್ಲಿ ಹಾಕಿದರೆ ಅದಲು ಬದಲಾಗುತ್ತದೆ. ಆಮೇಲೆ ಗಾಡಿ ಓಡಿದಷ್ಟೂ ಶೂ ಹತ್ತಿರ ಬರುವ ಬದಲು ದೂರ ಸರಿಯುತ್ತದೆ, ಪೆಡಲ್ ದಿನ ದಿನಕ್ಕೂ ಆಳವಾಗುತ್ತದೆ. ಒಂದು ಬದಿ ಮುಗಿಸಿದ ಮೇಲೆಯೇ ಇನ್ನೊಂದು ಬದಿ ಬಿಚ್ಚಬೇಕೆಂದು ಹಳೆಯ ಮಿಸ್ತ್ರಿಗಳು ಹುಡುಗರಿಗೆ ಕಲಿಸುವುದು ಸುಮ್ಮನೆ ಅಲ್ಲ.

ಹ್ಯಾಂಡ್ ಬ್ರೇಕಿನದೂ ಹೀಗೇ. ಮೊದಲು ಕೇಬಲ್ ಸಡಿಲ ಬಿಡಬೇಕು, ಆಮೇಲೆ ಶೂ ಹೊಂದಿಸಬೇಕು, ಕೊನೆಗೆ ಕೇಬಲ್ ಬಿಗಿಯಬೇಕು. ಈ ಸಾಲು ತಪ್ಪಿಸಿ ಕೇಬಲನ್ನೇ ಎಳೆದು ಬಿಗಿದರೆ ಹ್ಯಾಂಡ್ ಬ್ರೇಕು ಹಿಡಿಯುತ್ತದೆ, ಶೂಗಳು ತಮ್ಮ ಜಾಗಕ್ಕೆ ಹಿಂತಿರುಗದೆ ಅಡ್ಜಸ್ಟರು ತನ್ನ ಕೆಲಸ ಮರೆಯುತ್ತದೆ.

ಅಷ್ಟರಲ್ಲಿ ನಮ್ಮ ಮನೆಯವಳು ಚಹಾ ತಂದು ಗೋಡೆಯ ಮೇಲಿಟ್ಟಳು. ಆಚೆ ಕಡೆ ಹುಡುಗನ ಹೆಂಡತಿಯೂ ಬಂದು ನಿಂತಳು. "ಕಾಕಾ, ನನ್ನ ಸ್ಕೂಟಿದೂ ಹಂಗ ಆಗೈತ್ರಿ, ಹಿಂದಿನ ಲೈನರ್ ಹೊಸಾದ, ಲಿವರ್ ಒತ್ತಿ ಒತ್ತಿ ಬೆರಳು ನೋಯ್ತಾವು," ಅಂದಳು.

"ಲೈನರ್ ಬಿಡವ್ವಾ, ಮೊದಲ ಚಕ್ರದ ಹತ್ರ ಇರೂ ಸಣ್ಣ ಕೈ ನೋಡು," ಅಂದೆ. ಡ್ರಮ್ಮಿನ ಹೊರಗೆ ಕಾಣುವ ಆ ಲಿವರನ್ನು ಬಿಚ್ಚಿ ಮತ್ತೆ ಕೂಡಿಸುವಾಗ ಒಂದು ಹಲ್ಲು ಆಚೆ ಈಚೆ ಆದರೂ ಕೇಬಲ್ ಎಳೆಯುವ ಕೋನ ಕೆಡುತ್ತದೆ. ಬ್ರೇಕು ಹಿಡಿದಾಗ ಕೇಬಲ್ಲಿಗೂ ಆ ಲಿವರಿಗೂ ನಡುವೆ ಹತ್ತಿರ ಹತ್ತಿರ 90 ಡಿಗ್ರಿ ಇರಬೇಕು. ಅದನ್ನು ದಾಟಿ ಹೋದರೆ ಬೆರಳಿನ ಬಲವೆಲ್ಲ ವ್ಯರ್ಥ. 2019ರ ಏಪ್ರಿಲ್ 1ರಿಂದ 125 ಸಿ.ಸಿ.ವರೆಗಿನ ಹೊಸ ದ್ವಿಚಕ್ರಗಳಿಗೆ ಕನಿಷ್ಠ ಸಿ.ಬಿ.ಎಸ್., ಅದಕ್ಕಿಂತ ದೊಡ್ಡವಕ್ಕೆ ಎ.ಬಿ.ಎಸ್. ಕಡ್ಡಾಯವಾಯಿತು. ಸಿ.ಬಿ.ಎಸ್. ಇರುವ ಸ್ಕೂಟರಿನಲ್ಲಿ ಎಡಗೈ ಲಿವರು ಒತ್ತಿದರೆ ಹಿಂದಿನ ಜೊತೆ ಮುಂದಿನ ಬ್ರೇಕಿಗೂ ಎಳೆತ ಹೋಗುತ್ತದೆ. ಹಿಂದಿನದನ್ನು ಮನಸ್ಸಿಗೆ ಬಂದಂತೆ ಬಿಗಿದರೆ ಆ ಹಂಚಿಕೆಯೂ ತಪ್ಪುತ್ತದೆ.

ಮತ್ತೆ ದೊಡ್ಡ ಗಾಡಿಗೆ ಬಂದೆವು. ಪೆಡಲ್ ಮೆತ್ತಗಿರುವುದಕ್ಕೆ ಕಾರಣ ಗಾಳಿ. ನಾವೆಲ್ಲ ಬ್ರೇಕ್ ಆಯಿಲ್ ಎಂದು ಕರೆಯುವ ದ್ರವ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಚೂರು ಗಾಳಿ ಇದ್ದರೂ ಕಾಲಿನ ಬಲ ಅದನ್ನು ಕುಗ್ಗಿಸುವುದರಲ್ಲೇ ಕಳೆದುಹೋಗುತ್ತದೆ. ಏರ್ ತೆಗೆಯುವುದು ಇಬ್ಬರ ಕೆಲಸ. ಒಬ್ಬ ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ನಿಪ್ಪಲ್ ಸಡಿಲಿಸಿ, ಪೆಡಲ್ ಮೇಲೆ ಬರುವ ಮೊದಲೇ ಬಿಗಿಯಬೇಕು. ಮೇಲಿನ ಡಬ್ಬಿ ಖಾಲಿಯಾಗದಂತೆ ಕಾಯಬೇಕು, ಖಾಲಿಯಾದರೆ ಮಾಡಿದ್ದೆಲ್ಲ ಮೊದಲಿನಿಂದ. ಎಷ್ಟು ತೆಗೆದರೂ ಗಾಳಿ ಹೋಗದಿದ್ದರೆ ಕ್ಯಾಲಿಪರಿನ ನಿಪ್ಪಲ್ ಎಲ್ಲಿದೆ ನೋಡಬೇಕು. ಎಡಗಡೆಯ ಕ್ಯಾಲಿಪರ್ ಬಲಕ್ಕೆ ಹೋಗಿದ್ದರೆ ನಿಪ್ಪಲ್ ಕೆಳಗೆ ಬರುತ್ತದೆ, ಗಾಳಿ ಮೇಲೆಯೇ ಕೂತಿರುತ್ತದೆ. ಎ.ಬಿ.ಎಸ್. ಇರುವ ಗಾಡಿಗಳಲ್ಲಿ ಅದರ ಡಬ್ಬದೊಳಗೆ ಗಾಳಿ ಹೊಕ್ಕರೆ ಸ್ಕ್ಯಾನರ್ ಹಚ್ಚಿ ತೆಗೆಯಬೇಕಾಗಬಹುದು.

ಇಲ್ಲೊಂದು ಎಚ್ಚರಿಕೆ ಇದೆ. ಹಳೆಯ ಗಾಡಿಯಲ್ಲಿ ಏರ್ ತೆಗೆಯುವಾಗ ಪೆಡಲನ್ನು ನೆಲಕ್ಕೆ ಮುಟ್ಟುವಂತೆ ತುಳಿಯಬಾರದು. ಮಾಸ್ಟರ್ ಸಿಲಿಂಡರಿನ ಸೀಲು ವರ್ಷಗಟ್ಟಲೆ ಓಡಾಡದ ಆಳದ ಭಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಅಲ್ಲಿಗೆ ಹೋದ ಸೀಲು ಹರಿದು ಬರುತ್ತದೆ. ಸರಿಯಿದ್ದ ಭಾಗ ಹೀಗೆ ಕೆಟ್ಟು, ಹೊಸ ಪ್ಯಾಡಿನ ತಲೆಯ ಮೇಲೆ ಅಪವಾದ ಬರುತ್ತದೆ.

"ಬ್ರೇಕ್ ಆಯಿಲ್ ಬದಲಿ ಮಾಡಿದ್ರೇನು?" ಕೇಳಿದೆ. "ಇಲ್ರಿ, ಮ್ಯಾಲೆ ಸ್ವಲ್ಪ ಹಾಕ್ಯಾರ," ಅಂದ.

ಅದು ಗಾಳಿಯಲ್ಲಿನ ತೇವವನ್ನು ಹೀರುವ ದ್ರವ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಘಾಟಿನಲ್ಲಿ ಕ್ಯಾಲಿಪರ್ ಕಾದು ದ್ರವ ಕುದಿದರೆ ಆವಿಯಾಗುತ್ತದೆ, ಆವಿಯೂ ಗಾಳಿಯಂತೆ ಕುಗ್ಗುತ್ತದೆ. ಮೇಲೆ ಸರಿಯಿದ್ದ ಪೆಡಲ್ ಅರ್ಧ ಘಾಟಿನಲ್ಲಿ ನೆಲಕ್ಕೆ ಹೋಗುವುದು ಹೀಗೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಇಂಜಿನ್ ಆಯಿಲ್ ಒಂದು ಹನಿಯೂ ಅದರಲ್ಲಿ ಬೀಳಬಾರದು, ಬಿದ್ದರೆ ರಬ್ಬರೆಲ್ಲ ಊದಿಕೊಳ್ಳುತ್ತದೆ.

ಬೂಸ್ಟರಿನ ಪರೀಕ್ಷೆ ಅಲ್ಲೇ ಮಾಡಿಸಿದೆ. ಇಂಜಿನ್ ಬಂದ್ ಇಟ್ಟು ಪೆಡಲನ್ನು ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಬೇಕು. ಆಮೇಲೆ ಕಾಲು ಒತ್ತಿ ಹಿಡಿದೇ ಇಂಜಿನ್ ಶುರು ಮಾಡಿದರೆ ಪೆಡಲ್ ತುಸು ಕೆಳಗೆ ಇಳಿಯಬೇಕು. ಇಳಿಯಿತು. ಬೂಸ್ಟರು ಸರಿಯಿದೆ. ಒಂದು ಅನುಮಾನ ಕಡಿಮೆಯಾಯಿತು.

ಉಳಿದದ್ದು ಶನಿವಾರ ಗ್ಯಾರೇಜಿನಲ್ಲಿ. ನಾನೂ ಜೊತೆಗೆ ಹೋದೆ. ಮಿಸ್ತ್ರಿ ಒಳ್ಳೆಯ ಮನುಷ್ಯ, ಜಗಳಕ್ಕೆ ಬಂದಿಲ್ಲ ಅಂತ ಗೊತ್ತಾದ ಮೇಲೆ ತಾನೇ ಮುಂದೆ ನಿಂತ. ಪೆಡಲ್ ಹೇಗಿದೆ ಅಂತ ಮರಾಠಿಯಲ್ಲಿ ಬಿಡಿಸಿ ಹೇಳಿದ ಕೂಡಲೇ ಅವನ ಕೈ ನೇರ ಹಿಂದಿನ ಡ್ರಮ್ಮಿಗೇ ಹೋಯಿತು. ಅಡ್ಜಸ್ಟರುಗಳು ಅದಲು ಬದಲಾಗಿದ್ದವು. ಒಳಗಿನ ಪುಡಿಯನ್ನು ಹುಡುಗನೊಬ್ಬ ಬಾಯಿಂದ ಊದಲು ಬಗ್ಗಿದಾಗ ತಡೆದೆ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಸ್ ಇರುತ್ತಿತ್ತು, ಈಗಿನದೂ ಶ್ವಾಸಕೋಶಕ್ಕೆ ಹಿತವಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಮುಂದಿನ ಒಂದು ಕ್ಯಾಲಿಪರಿನ ಸ್ಲೈಡ್ ಪಿನ್ ಒಣಗಿ ಕಚ್ಚಿಕೊಂಡಿತ್ತು. ಹೀಗಾದರೆ ಒಳಗಿನ ಪ್ಯಾಡು ಒಂದೇ ದುಡಿಯುತ್ತದೆ, ಹೊರಗಿನದು ನೋಡುತ್ತ ಕೂರುತ್ತದೆ. ತೊಳೆದು, ರಬ್ಬರಿಗೆ ಹಿಡಿಸುವ ಸಿಲಿಕೋನ್ ಗ್ರೀಸ್ ಹಚ್ಚಿದರು. ಆಯಿಲ್ ಪೂರ್ತಿ ಬದಲಿಸಿ ಏರ್ ತೆಗೆದರು. ಹೊಸ ಪ್ಯಾಡನ್ನು ಯಾರೂ ಮುಟ್ಟಲಿಲ್ಲ, ಅದಕ್ಕೆ ಮುಟ್ಟುವಂಥದ್ದೇನೂ ಆಗಿರಲಿಲ್ಲ. ಗಾಡಿ ಅಲುಗಿಸುವ ಮೊದಲು ಪೆಡಲ್ ಮೇಲೆ ಬರುವ ತನಕ ಒತ್ತಿಸಿದೆ. ಪ್ಯಾಡು ಹಾಕುವಾಗ ಪಿಸ್ಟನ್ನನ್ನು ಒಳಗೆ ತಳ್ಳಿರುತ್ತಾರೆ, ಒತ್ತದೆ ಹೊರಟರೆ ಗ್ಯಾರೇಜಿನ ಬಾಗಿಲಲ್ಲೇ ಬ್ರೇಕು ಸಿಗುವುದಿಲ್ಲ.

"ಮತ್ತ ನಾಳೆ ಹೋಗಬಹುದೇನ್ರಿ?" ಅಂತ ಹುಡುಗ ಕೇಳಿದ. ನಾನು ಬಾಯಿ ತೆಗೆಯುವ ಮೊದಲೇ ಅವನ ಹೆಂಡತಿ ಹೇಳಿದಳು: "ಪಾಟಣಾದೇವಿ ಮುಂದಿನ ರವಿವಾರನೂ ಅಲ್ಲೇ ಇರ್ತಾಳ. ಲೈನರ್ ಸೆಟ್ ಆಗ್ಲಿ."

ನನಗೆ ಅವಳ ಮಾತು ಬಹಳ ಹಿಡಿಸಿತು. ಇಳಿಜಾರಿನ ಲೆಕ್ಕ ಕಣ್ಣಿಗೆ ಕಾಣುವುದಿಲ್ಲ. 1,500 ಕೆ.ಜಿ. ತೂಕದ ಗಾಡಿ 300 ಮೀಟರ್ ಎತ್ತರದಿಂದ ಬರೀ ಬ್ರೇಕಿನ ಮೇಲೆ ಇಳಿದರೆ ಹುಟ್ಟುವ ಶಾಖ ಸುಮಾರು 14 ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಬಲ್ಲದು. ಅಷ್ಟನ್ನೂ ನಾಲ್ಕು ಚಕ್ರಗಳ ಆ ಚಿಕ್ಕ ತುಂಡುಗಳು ನುಂಗಬೇಕು. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು ಅಂತ ಹಿರಿಯ ಚಾಲಕರು ಹೇಳುವುದು ಆ ಶಾಖದ ಬಹುಪಾಲನ್ನು ಇಂಜಿನ್ನಿಗೆ ಹೊರಿಸಲಿಕ್ಕೆ. ಡೀಸೆಲ್ ಉಳಿಯಲೆಂದು ಇಂಜಿನ್ ಬಂದ್ ಮಾಡಿ ಇಳಿಯುವವರಿಗೆ ಬೂಸ್ಟರಿನ ನೆರವು ಎರಡು ಮೂರು ಒತ್ತಿಗೆ ಮುಗಿಯುತ್ತದೆ.

ರೈಲಿನವರು ಇದನ್ನು ಎಂದೋ ತಿಳಿದಿದ್ದರು. ನಾಶಿಕದ ಪಕ್ಕದ ಇಗತಪುರಿಯಿಂದ ಕಸಾರಾಕ್ಕೆ ಇಳಿಯುವ ಥಳ್ ಘಾಟ್ ಇರಲಿ, ನಮ್ಮ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಗೆ ಇಳಿಯುವ ಘಾಟ್ ಇರಲಿ, ಎರಡರ ಇಳಿಜಾರೂ 37 ಅಡಿಗೆ ಒಂದು ಅಡಿ. ಕ್ಯಾಸಲ್‌ರಾಕ್‌ನಲ್ಲಿ ಬ್ರೇಕು ಪರೀಕ್ಷಿಸದೆ ಗಾಡಿ ಕೆಳಗೆ ಬಿಡುವುದಿಲ್ಲ. ನಮ್ಮ ರಸ್ತೆಗೆ ಅಂಥ ಸ್ಟೇಷನ್ ಮಾಸ್ತರ ಇಲ್ಲ. ಕನ್ನಡ ಘಾಟ್ ಹಾಯುವ ರಾಷ್ಟ್ರೀಯ ಹೆದ್ದಾರಿ 52 ಮುಂದೆ ಬೀಡ, ತುಳಜಾಪುರ, ಸೋಲಾಪುರ, ವಿಜಾಪುರ, ಹುಬ್ಬಳ್ಳಿ ಹಾದು, ಯಲ್ಲಾಪುರದಾಚೆ ಅರಬೈಲ್ ಘಾಟ್ ಇಳಿದು ಅಂಕೋಲೆಯಲ್ಲಿ ಮುಗಿಯುತ್ತದೆ. ಆ ಎರಡೂ ಘಾಟಿನ ಮೇಲ್ತುದಿಯಲ್ಲಿ ಗಾಡಿ ನಿಲ್ಲಿಸಿ ಪೆಡಲ್ ಪರೀಕ್ಷಿಸುವ ಕೆಲಸ ಓಡಿಸುವವನದೇ.

ಆದ್ದರಿಂದ ಗ್ಯಾರೇಜಿಗೆ ಹೋದಾಗ ನಾಚಿಕೆ ಬಿಟ್ಟು ಕೇಳಿ. ಡ್ರಮ್ಮಿನ ಅಳತೆ ನೋಡಿದಿರಾ, ಆಯಿಲ್ ಬದಲಿಸಿದಿರಾ, ಪಿನ್ನು ಓಡಾಡುತ್ತಿದೆಯಾ ಅಂತ ಕೇಳಿ. ಮಿಸ್ತ್ರಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ನೀವೇ ಓಡಿಸಿ ಒಂದು ಸುತ್ತು ಹಾಕಿ, ಕಾಲಿಗೆ ಅನಿಸಿದ್ದನ್ನು ಅನಿಸಿದ ಹಾಗೆ ಹೇಳಿ. ಒಳ್ಳೆಯ ಮಿಸ್ತ್ರಿಗೆ ಇದರಿಂದ ಸಿಟ್ಟು ಬರುವುದಿಲ್ಲ, ಕೆಲಸ ಹಗುರವಾಗುತ್ತದೆ. ಬಿಲ್ಲು ಕೊಟ್ಟ ಹೊತ್ತಿಗೆ ಬ್ರೇಕಿನ ಕೆಲಸ ಮುಗಿದಿರುವುದಿಲ್ಲ. ಸಪಾಟು ರಸ್ತೆಯಲ್ಲಿ ಲೈನರು ಸೆಟ್ ಆಗಿ, ಮೊದಲ ಒತ್ತಿಗೇ ಪೆಡಲ್ ಗಟ್ಟಿ ಸಿಕ್ಕು, ಗಾಡಿ ಎತ್ತಲೂ ಎಳೆಯದೆ ನೇರ ನಿಂತ ದಿನ ಮುಗಿಯುತ್ತದೆ. ಘಾಟಿನ ಕಡೆ ಮುಖ ಮಾಡುವುದು ಅದರ ಮರುದಿನ.